ಲಕ್ವ ಹೊಡೆದ ಹಿರಿಯರನ್ನು ಮನೆಗೆ ಕರೆತಂದ ಮೇಲೆ: ನೋಡಿಕೊಳ್ಳುವವರಿಗೆ ಒಂದಿಷ್ಟು

ಡಿಸ್ಚಾರ್ಜ್ ಆಗುವ ಹೊತ್ತಿಗೆ ಕೈಗೆ ಬರುವುದು ಮಾತ್ರೆ ಚೀಟಿ, ಸ್ಕ್ಯಾನ್ ಫಿಲ್ಮು, ಬಿಲ್ಲು, ಜೊತೆಗೆ ‘ಫಿಸಿಯೋಥೆರಪಿ ಮಾಡಿಸಿ’ ಅಂತ ಒಂದು ಸಾಲು. ಅಷ್ಟೇ. ಮನೆಗೆ ಬಂದ ಮೊದಲ ರಾತ್ರಿ ಅಪ್ಪನನ್ನೋ ಅಮ್ಮನನ್ನೋ ಮಗ್ಗುಲು ತಿರುಗಿಸುವುದು ಹೇಗೆ, ಮಾತ್ರೆ ನುಂಗಿಸುವುದು ಹೇಗೆ, ಬಚ್ಚಲಿಗೆ ಕರೆದುಕೊಂಡು ಹೋಗುವುದು ಹೇಗೆ ಅಂತ ಮನೆಯಲ್ಲಿ ಒಬ್ಬರಿಗೂ ಗೊತ್ತಿರುವುದಿಲ್ಲ. ನಮ್ಮ ಅತ್ತೆಗೆ ಎಡಭಾಗ ಬಿದ್ದುಹೋದಾಗ ನಮ್ಮ ಮನೆಯ ಕಥೆಯೂ ಅದೇ. ಆಮೇಲೆ ಫಿಸಿಯೋದವರಿಂದ, ನರ್ಸ್‌ಗಳಿಂದ, ನಮಗಿಂತ ಮೊದಲು ಇದನ್ನೆಲ್ಲ ನೋಡಿದ್ದ ಮನೆಗಳವರಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯವರನ್ನು ಖುದ್ದಾಗಿ ನೋಡಿದ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಕೇಳಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಫಿಸಿಯೋ ಬಂದು ಹೋಗುವುದು ದಿನಕ್ಕೆ ಅರ್ಧ ಗಂಟೆ, ಜಾಸ್ತಿ ಅಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ಮನೆಯವರ ಕೈಯಲ್ಲೇ ಇರುತ್ತದೆ. ಆ ಹೊತ್ತಿನಲ್ಲಿ ನಾವೇ ತುತ್ತಿಟ್ಟು, ನಾವೇ ಬಟ್ಟೆ ಹಾಕಿ, ನಾವೇ ಲೋಟ ಹಿಡಿದು ಕುಡಿಸಿ, ಮುಖ ಒರೆಸಿ, ತಲೆ ಬಾಚಿ, ಎಲ್ಲವನ್ನೂ ಮಾಡಿಬಿಟ್ಟರೆ ಅದು ಪ್ರೀತಿಯಿಂದಲೇ ಇರಬಹುದು, ಆದರೆ ಚೇತರಿಸಿಕೊಳ್ಳಬೇಕಾದ ಕೈಕಾಲಿಗೆ ಕೆಲಸವೇ ಸಿಗುವುದಿಲ್ಲ. ಮಿದುಳು ಮತ್ತೆ ಕಲಿಯುವುದು ಮಾಡಿದ್ದನ್ನೇ ಮಾಡಿ ಮಾಡಿ. ಮೊದಲ ಮೂರರಿಂದ ಆರು ತಿಂಗಳಲ್ಲಿ ಈ ಕಲಿಕೆ ವೇಗವಾಗಿ ನಡೆಯುತ್ತದೆ. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ‘ಮೊದಲು ಒಂದೆರಡು ತಿಂಗಳು ಸುಮ್ನೆ ಮಲಗಿ ರೆಸ್ಟ್ ತಗೊಳ್ಳಲಿ, ಆಮೇಲೆ ನೋಡೋಣ’ ಅನ್ನುವ ನೆಂಟರ ಮಾತಿಗೆ ತಲೆಯಾಡಿಸಿ, ಆದರೆ ಹಾಗೆ ಮಾಡಬೇಡಿ.

ಆಸ್ಪತ್ರೆ ಬಿಡುವ ಮೊದಲು

ಮನೆಯ ಇಬ್ಬರು, ಒಬ್ಬರಲ್ಲ ಇಬ್ಬರು, ಫಿಸಿಯೋ ಹತ್ತಿರ ನಿಂತು ಮೂರು ಕೆಲಸ ಕಲಿತುಕೊಳ್ಳಿ: ಹಾಸಿಗೆಯಲ್ಲಿ ಮಗ್ಗುಲು ತಿರುಗಿಸುವುದು, ಎಬ್ಬಿಸಿ ಕೂರಿಸುವುದು, ಮಂಚದಿಂದ ಕುರ್ಚಿಗೆ ದಾಟಿಸುವುದು. ಅವರು ಮಾಡಿ ತೋರಿಸುವುದನ್ನು ನೋಡಿದರೆ ಸಾಲದು, ಅವರೆದುರೇ ನೀವು ಮಾಡಿ. ಕೇಳಿಕೊಂಡು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ.

ಇನ್ನೆರಡು ಪ್ರಶ್ನೆ ಕೇಳಲೇಬೇಕು. ನುಂಗುವುದನ್ನು ಪರೀಕ್ಷೆ ಮಾಡಿದ್ದೀರಾ, ನೀರು ಕೊಡಬಹುದಾ ಅಂತ ಒಂದು. ಯಾವ ಮಾತ್ರೆ ಪುಡಿ ಮಾಡಬಹುದು, ಯಾವುದು ಮಾಡಬಾರದು ಅಂತ ಇನ್ನೊಂದು. ನಿಧಾನವಾಗಿ ಬಿಡುಗಡೆ ಆಗುವ ಕೆಲವು ಮಾತ್ರೆಗಳಿವೆ, ಅವನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಸೇರುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಲಕ್ವ ಹೊಡೆದ ತಾರೀಖು ಸ್ಪಷ್ಟವಾಗಿ ಇದೆಯಾ ಅಂತಲೂ ನೋಡಿಕೊಳ್ಳಿ, ಮುಂದೆ ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸುವಾಗ ಅದು ಬೇಕಾಗುತ್ತದೆ.

ಮಂಚ, ಮಗ್ಗುಲು, ಬೆನ್ನು

ಮಂಚದ ಎತ್ತರ ಎಷ್ಟಿರಬೇಕು ಅಂದರೆ, ಅಂಚಿನಲ್ಲಿ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರೆ ಎಬ್ಬಿಸುವವರ ಸೊಂಟ ವಾರದೊಳಗೆ ಹೋಗುತ್ತದೆ. ಮಂಚವನ್ನು ಗೋಡೆಗೆ ಅಂಟಿಸಬೇಡಿ, ಎರಡೂ ಕಡೆಯಿಂದ ಹತ್ತಿರ ಹೋಗುವಂತಿರಲಿ.

ತಾವಾಗಿ ಹೊರಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಬೆನ್ನ ಮೇಲೆ, ಗಟ್ಟಿ ಮಗ್ಗುಲಿಗೆ, ಸೋತ ಮಗ್ಗುಲಿಗೆ, ಹೀಗೆ. ಸೋತ ಮಗ್ಗುಲಿಗೆ ಮಲಗಿಸಬಾರದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮಲಗಿಸಬಹುದು, ಆದರೆ ಆ ಕಡೆಯ ಭುಜ ಮೈಕೆಳಗೆ ಸಿಕ್ಕಿಹಾಕಿಕೊಳ್ಳದಂತೆ ಸ್ವಲ್ಪ ಮುಂದಕ್ಕೆ ತಂದಿರಬೇಕು. ಗಟ್ಟಿ ಮಗ್ಗುಲಿಗೆ ಮಲಗಿಸಿದಾಗ ಸೋತ ಕೈಯನ್ನು ಎದೆಯ ಮುಂದೆ ಒಂದು ದಿಂಬಿನ ಮೇಲೆ ಇಡಿ, ಸೋತ ಕಾಲಿಗೂ ಒಂದು ದಿಂಬು. ಬೆನ್ನ ಮೇಲೆ ಮಲಗಿದಾಗ ಮೀನಖಂಡದ ಕೆಳಗೆ ತೆಳ್ಳಗಿನ ದಿಂಬಿಟ್ಟರೆ ಹಿಮ್ಮಡಿ ಹಾಸಿಗೆಗೆ ಒತ್ತುವುದಿಲ್ಲ.

ಸ್ನಾನ ಮಾಡಿಸುವಾಗ ದಿನಾ ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಎರಡೂ ಪಕ್ಕ, ಹಿಂದಲೆ ನೋಡಿ. ಕೆಂಪಾಗಿದ್ದರೆ ಬೆರಳಿಂದ ಒತ್ತಿ ಬಿಡಿ. ಬಣ್ಣ ಹೋಗದೆ ಹಾಗೇ ಉಳಿದರೆ ಅದು ಬೆಡ್ ಸೋರಿನ, ಅಂದರೆ ಮಲಗಿ ಮಲಗಿ ಆಗುವ ಹುಣ್ಣಿನ ಶುರು. ಅಲ್ಲಿ ಎಣ್ಣೆ ಹಾಕಿ ತಿಕ್ಕಬೇಡಿ, ಟ್ಯೂಬಿನಂಥ ರಿಂಗ್ ಕುಶನ್ ಇಡಬೇಡಿ, ಎರಡೂ ಕೇಡು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ಡಾಕ್ಟರಿಗೆ ತಿಳಿಸಿ. ಏರ್ ಬೆಡ್ ತಂದಿದ್ದೇವಲ್ಲ ಅಂತ ಮಗ್ಗುಲು ತಿರುಗಿಸುವುದನ್ನು ಬಿಡುವ ಮನೆಗಳೂ ಇವೆ. ಏರ್ ಬೆಡ್ ಇದ್ದರೂ ತಿರುಗಿಸಲೇಬೇಕು. ಒದ್ದೆ ಡೈಪರ್ ಇನ್ನೊಂದು ಶತ್ರು.

ಸೋತ ಕಡೆಗೆ ಸ್ಪರ್ಶ ಗೊತ್ತಾಗದೆ ಇರಬಹುದು. ಅದಕ್ಕೇ ಬಿಸಿನೀರಿನ ಚೀಲದ ಶಾಖ, ಇಟ್ಟಿಗೆ ಕಾಯಿಸಿ ಕೊಡುವ ಶಾಖ ಬೇಡ. ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಸ್ನಾನದ ನೀರನ್ನು ನಿಮ್ಮ ಮೊಣಕೈ ಅದ್ದಿ ನೋಡಿಯೇ ಹಾಕಿ.

ಊಟ: ಇಲ್ಲಿ ಆತುರ ಮಾಡಲೇಬೇಡಿ

ಲಕ್ವ ಆದ ಮೇಲೆ ಎಷ್ಟೋ ಜನರಿಗೆ ನುಂಗುವ ಸ್ನಾಯುಗಳೂ ಸೋತಿರುತ್ತವೆ. ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವಯಸ್ಸಾದವರಿಗೆ ಅದು ಜೀವಕ್ಕೇ ಅಪಾಯ.

ಮಲಗಿಸಿಕೊಂಡು ಏನೂ ಕೊಡಬೇಡಿ, ಒಂದು ಚಮಚ ನೀರು ಕೂಡ. ನೆಟ್ಟಗೆ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ನೀವು ಅವರ ಎದುರಿಗೆ ಕೂತುಕೊಳ್ಳಿ. ನಿಂತು ತಿನ್ನಿಸಿದರೆ ಅವರು ತಲೆ ಎತ್ತಬೇಕಾಗುತ್ತದೆ, ತಲೆ ಎತ್ತಿದರೆ ಶ್ವಾಸನಾಳದ ಬಾಯಿ ತೆರೆಯುತ್ತದೆ. ಸಣ್ಣ ಚಮಚ, ಅರ್ಧ ಚಮಚ ಊಟ, ಬಾಯಿಯ ಗಟ್ಟಿ ಕಡೆಗೆ ಇಡಿ. ನುಂಗಿದ್ದಾರೆ ಅಂತ ಗಂಟಲು ಮೇಲೆ ಕೆಳಗೆ ಆಡುವುದರಿಂದ ಗೊತ್ತಾಗುತ್ತದೆ. ನುಂಗಿದ ಮೇಲೆಯೇ ಮುಂದಿನ ತುತ್ತು. ಊಟದ ಹೊತ್ತಿಗೆ ಟಿವಿ ಆಫ್, ಮಾತೂ ಬೇಡ. ಮುಗಿದ ಮೇಲೆ ಸೋತ ಕಡೆಯ ಕೆನ್ನೆಯೊಳಗೆ ಅನ್ನ ಉಳಿದಿದೆಯಾ ನೋಡಿ, ಬಾಯಿ ತೊಳೆಸಿ, ಅರ್ಧ ಗಂಟೆ ಹಾಗೇ ಕೂರಿಸಿ. ಬಾಯಿ ಶುಚಿಯಾಗಿಡುವುದನ್ನು ಸಣ್ಣ ವಿಷಯ ಅಂತ ಬಿಡಬೇಡಿ. ಕೊಳಕು ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದರೂ ಸೋಂಕೇ.

ಏನು ಕೊಡಬೇಕು? ಎಲ್ಲಕ್ಕಿಂತ ಕಷ್ಟ ನೀರು, ತೆಳು ಮಜ್ಜಿಗೆ, ಕಾಫಿ. ಸರ್ರನೆ ಹರಿದುಹೋಗುತ್ತವೆ, ಸೋತ ಗಂಟಲಿಗೆ ಅವನ್ನು ತಡೆದು ನಿಲ್ಲಿಸಲು ಆಗುವುದಿಲ್ಲ. ಗಟ್ಟಿಯಾದ ರಾಗಿ ಗಂಜಿ, ಮೆತ್ತಗೆ ಬೇಯಿಸಿ ಚೆನ್ನಾಗಿ ಕಿವುಚಿದ ಮೊಸರನ್ನ, ಗಂಟಿಲ್ಲದ ರವೆ ಗಂಜಿ, ನುಣ್ಣಗೆ ಕಡೆದ ಬೇಳೆ ಪೊಂಗಲ್ ಇವೆಲ್ಲ ಸುಲಭ. ತಿಳಿಸಾರಿನಲ್ಲಿ ತೇಲುವ ಅನ್ನ, ಸಾಂಬಾರಿನಲ್ಲಿ ಮುಳುಗಿದ ಇಡ್ಲಿ ಮೆತ್ತಗಿದೆಯಲ್ಲ ಅಂತ ಕೊಡುತ್ತೇವೆ. ಅದರಲ್ಲಿ ನೀರೂ ಇದೆ, ಗಟ್ಟಿಯೂ ಇದೆ, ಬಾಯಿ ಎರಡನ್ನೂ ಒಟ್ಟಿಗೆ ಸಂಭಾಳಿಸಬೇಕು. ಕೊಡುವುದಾದರೆ ಪೂರ್ತಿ ಕಿವುಚಿ ಒಂದೇ ಹದಕ್ಕೆ ತನ್ನಿ. ಅವಲಕ್ಕಿ, ಮಂಡಕ್ಕಿ, ಚಟ್ನಿಪುಡಿಯಂಥ ಒಣ ಪದಾರ್ಥ ಸದ್ಯಕ್ಕೆ ಬೇಡ.

ಹಳೇ ಮೈಸೂರು ಕಡೆಯವರಿಗೆ ವಿಶೇಷವಾಗಿ ಒಂದು ಮಾತು: ಮುದ್ದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಉಂಡೆ ಮಾಡಿ ನುಂಗುತ್ತೇವೆ. ಜೀವಮಾನವೆಲ್ಲ ಮುದ್ದೆ ಉಂಡವರು ‘ಮುದ್ದೆ ಕೊಡ್ರೋ, ಇದೇನು ಗಂಜಿ’ ಅಂತ ಬೈಯುತ್ತಾರೆ, ಬೈಸಿಕೊಳ್ಳಿ. ನುಂಗುವುದು ಸರಿಯಾಗಿದೆ ಅಂತ ಸ್ಪೀಚ್ ಥೆರಪಿಸ್ಟ್ ಹೇಳುವವರೆಗೂ ಮುದ್ದೆ ಬೇಡ. ರಾಗಿಯ ರುಚಿಯೇ ಬೇಕಾದರೆ ಅದೇ ಹಿಟ್ಟಿನ ಗಟ್ಟಿ ಗಂಜಿಗೆ ಸೊಪ್ಪಿನ ಸಾರಿನ ತಿಳಿ ಹಾಕಿ ಕಲಸಿ.

ಉಣ್ಣುವಾಗ ಕೆಮ್ಮು, ಊಟದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ, ಆಗಾಗ ಜ್ವರ, ತೂಕ ಇಳಿಯುವುದು, ಇವು ಕಂಡರೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಹೆಸರಿನಲ್ಲಿ ಮಾತು ಇದ್ದರೂ ನುಂಗುವುದನ್ನು ನೋಡುವವರೂ ಅವರೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎರಡಕ್ಕೂ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಸಂಸ್ಥೆ ಅದು, 1965ರಿಂದ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ನರರೋಗ ಪುನರ್ವಸತಿ ವಿಭಾಗ ಇದೆ. ಕೆಲವರು ಕೆಮ್ಮದೆಯೇ ಶ್ವಾಸನಾಳಕ್ಕೆ ಇಳಿಸಿಕೊಳ್ಳುತ್ತಾರೆ ಅನ್ನುವುದು ಗೊತ್ತಿರಲಿ, ಕೆಮ್ಮಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ.

ಎಬ್ಬಿಸುವುದು, ನಡೆಸುವುದು, ಮತ್ತೆ ಆ ಭುಜ

ಸೋತ ಕೈಯನ್ನು ಹಿಡಿದು ಎಳೆಯಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ. ಭುಜದ ಕೀಲನ್ನು ಗಟ್ಟಿಯಾಗಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳು. ಅವು ಸೋತಾಗ ಬರೀ ಕೈಯ ಭಾರಕ್ಕೇ ಕೀಲು ಕೆಳಗೆ ಜಾರುತ್ತದೆ. ನೋಡಲು ಬಂದ ನೆಂಟರು ಪ್ರೀತಿಯಿಂದ ‘ಏಳಿ ಅಜ್ಜಿ’ ಅಂತ ಅದೇ ಕೈ ಹಿಡಿದು ಎಳೆದರೆ ಆ ನೋವು ತಿಂಗಳುಗಟ್ಟಲೆ ಇರುತ್ತದೆ, ನೋವಿರುವ ಭುಜಕ್ಕೆ ವ್ಯಾಯಾಮವೂ ಆಗುವುದಿಲ್ಲ. ಕೂತಾಗ ಆ ಕೈ ತೊಡೆಯಿಂದ ಜೋತುಬೀಳದಂತೆ ದಿಂಬಿನ ಮೇಲೋ ಮುಂದಿನ ಮೇಜಿನ ಮೇಲೋ ಇರಲಿ. ಕಣ್ಣೆದುರು ಇದ್ದರೆ ಅವರಿಗೂ ಆ ಕೈಯ ನೆನಪಿರುತ್ತದೆ.

ಕುರ್ಚಿಗೆ ದಾಟಿಸುವುದು ಹೀಗೆ. ಕುರ್ಚಿಯನ್ನು ಗಟ್ಟಿ ಕಡೆಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ ಇಡಿ. ವೀಲ್‌ಚೇರ್ ಆದರೆ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಅವರನ್ನು ಮಂಚದ ಅಂಚಿಗೆ ತನ್ನಿ, ಪಾದ ನೆಲಕ್ಕೆ ಊರಲಿ, ಮಂಡಿಗಿಂತ ಪಾದ ಸ್ವಲ್ಪ ಹಿಂದೆ ಇರಲಿ. ನೀವು ಸೋತ ಕಡೆಗೆ ಎದುರು ನಿಂತು, ನಿಮ್ಮ ಮಂಡಿಯಿಂದ ಅವರ ಸೋತ ಮಂಡಿಗೆ ಆಸರೆ ಕೊಡಿ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿದ್ದರೆ ಅದನ್ನು ಹಿಡಿಯಿರಿ. ಬೆಲ್ಟ್ ಇಲ್ಲದಿದ್ದರೆ ಗಟ್ಟಿ ಟವೆಲನ್ನು ಮಡಿಸಿ ಸುತ್ತಿದರೂ ನಡೆಯುತ್ತದೆ. ‘ಮೂಗು ಮುಂದೆ ತನ್ನಿ’ ಅನ್ನಿ. ಮೂಗು ಪಾದಕ್ಕಿಂತ ಮುಂದೆ ಬಂದರೆ ಸೊಂಟ ತಾನಾಗಿ ಮೇಲೇಳುತ್ತದೆ. ಒಂದು, ಎರಡು, ಮೂರು ಅಂತ ಎಣಿಸಿ ಇಬ್ಬರೂ ಒಟ್ಟಿಗೆ ಏಳಿ. ಅವರು ನಿಮ್ಮ ಕುತ್ತಿಗೆಗೆ ಜೋತುಬೀಳಲು ಬಿಡಬೇಡಿ, ನೀವು ಸೊಂಟ ಬಗ್ಗಿಸದೆ ಮಂಡಿ ಮಡಚಿ ನಿಲ್ಲಿ.

ಊರುಗೋಲು ಗಟ್ಟಿ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಬಟ್ಟೆಗೂ ಹೀಗೇ ಒಂದು ಲೆಕ್ಕ ಇದೆ: ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಮುಂದೆ ಗುಂಡಿ ಇರುವ ನೈಟಿ, ಎಲಾಸ್ಟಿಕ್ ಪ್ಯಾಂಟು, ಗುಂಡಿ ಬದಲು ವೆಲ್‌ಕ್ರೋ ಹೊಲಿಸಿದ ಅಂಗಿ ಇದ್ದರೆ ಅವರೇ ಹಾಕಿಕೊಳ್ಳಬಹುದು. ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹಿಡಿಯಲಿ ಬಿಡಿ, ಅದೂ ವ್ಯಾಯಾಮವೇ. ಪಂಚೆ, ಸೀರೆ ಬೇಕು ಅಂತ ಹಟ ಮಾಡುವವರಿಗೆ ಹಬ್ಬದ ದಿನ ಉಡಿಸಿ, ಆದರೆ ನಡೆದಾಡುವಾಗ ನೆರಿಗೆ ಕಾಲಿಗೆ ಸಿಕ್ಕಿ ಬೀಳದಂತೆ ಎಚ್ಚರ.

ಬೀಳುವುದು ಇನ್ನೊಂದು ದೊಡ್ಡ ಅಪಾಯ. ಒಳಗೆ ನಡೆಯಲೂ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ, ಹವಾಯಿ ಚಪ್ಪಲಿ ಬೇಡ. ಬಾಗಿಲ ಮುಂದಿನ ಮ್ಯಾಟು, ನೆಲದ ಮೇಲಿನ ಚಾರ್ಜರ್ ವೈರು ತೆಗೆಯಿರಿ. ಹಳೇ ಮನೆಗಳ ಹೊಸ್ತಿಲು ಎತ್ತರ ಇರುತ್ತದೆ, ಅದನ್ನು ತೆಗೆಯುವ ಮಾತೆತ್ತಿದರೆ ಮನೆಯಲ್ಲಿ ಜಗಳ ಆಗಬಹುದು. ಅದರ ಎರಡೂ ಕಡೆ ಮರದ ಇಳಿಜಾರು ಹಲಗೆ ಮಾಡಿಸಿ, ಹೊಸ್ತಿಲ ಪೂಜೆಯೂ ಉಳಿಯುತ್ತದೆ, ವಾಕರ್ ಕೂಡ ದಾಟುತ್ತದೆ.

ಬಚ್ಚಲಿನಲ್ಲಿ ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ ಸಾಕು ಅಂತ ಕಾಣುತ್ತದೆ, ಆದರೆ ಒದ್ದೆ ನೆಲದ ಮೇಲೆ ಅದು ಜಾರುತ್ತದೆ. ಕಾಲಿಗೆ ರಬ್ಬರ್ ಬುಷ್ ಇರುವ ಸ್ಟೂಲ್ ತನ್ನಿ. ನಮ್ಮ ಕಡೆಯ ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ಇರುವ ಮನೆಗಳಿಗೆ ಗುಂಡಿಯ ಮೇಲೇ ನಿಲ್ಲಿಸುವ ಕಮೋಡ್ ಚೇರ್ ಸಿಗುತ್ತದೆ, ಗೋಡೆ ಒಡೆಸಿ ಖರ್ಚು ಮಾಡುವ ಮೊದಲು ಅದನ್ನು ನೋಡಿ. ಹಿಡಿಯುವ ಸ್ಟೀಲ್ ಕಂಬಿಯನ್ನು ಗಟ್ಟಿ ಕೈ ಇರುವ ಕಡೆಯ ಗೋಡೆಗೇ ಹಾಕಿಸಿ. ಇದನ್ನು ಮೇಸ್ತ್ರಿಗೆ ಬಿಟ್ಟರೆ ಅವರಿಗೆ ಸುಲಭವಾದ ಗೋಡೆಗೆ ಹಾಕಿ ಹೋಗುತ್ತಾರೆ. ಚಿಲಕ ಒಳಗಿಂದ ಹಾಕಿಕೊಳ್ಳದಿರುವುದು ಒಳ್ಳೆಯದು, ಬಾಗಿಲಿಗೆ ಪರದೆ ಹಾಕಿದರೆ ಅವರ ಮಾನವೂ ಉಳಿಯುತ್ತದೆ.

ವ್ಯಾಯಾಮ, ಎಣ್ಣೆ, ನಾಟಿ ಔಷಧಿ

ಫಿಸಿಯೋ ಹೇಳಿಕೊಟ್ಟದ್ದನ್ನು ದಿನದ ಕೆಲಸದೊಳಗೆ ಸೇರಿಸಿಬಿಡಿ. ಬಟಾಣಿ ಬಿಡಿಸುವುದು, ಕರಿಬೇವು ಕೀಳುವುದು, ಹೂ ಬಿಡಿಸಿ ತಟ್ಟೆಗೆ ಹಾಕುವುದು, ಒಣಗಿದ ಬಟ್ಟೆ ಎರಡೂ ಕೈಯಲ್ಲಿ ಮಡಿಸುವುದು. ನಮ್ಮ ಅತ್ತೆ ವ್ಯಾಯಾಮ ಅಂದರೆ ಮುಖ ತಿರುಗಿಸುತ್ತಿದ್ದರು, ಅವರೆಕಾಯಿ ಬುಟ್ಟಿ ಮುಂದಿಟ್ಟರೆ ಬೇಡ ಅನ್ನುತ್ತಿರಲಿಲ್ಲ. ಬತ್ತಿ ಹೊಸೆಯುವುದಂತೂ ಬೆರಳಿಗೆ ತುಂಬಾ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮೆತ್ತನೆ ಚೆಂಡು ತಂದು ಹಿಸುಕಿಸುವುದು ಎಲ್ಲರ ಮನೆಯಲ್ಲೂ ಇದೆ. ಕೈ ಆಗಲೇ ಮುಷ್ಟಿಯಾಗಿ ಬಿಗಿದುಕೊಳ್ಳುತ್ತಿದ್ದರೆ ಅದು ಬಿಗಿತವನ್ನು ಜಾಸ್ತಿ ಮಾಡಬಹುದು. ಫಿಸಿಯೋ ಕೇಳದೆ ಚೆಂಡು ಕೊಡಬೇಡಿ.

ಎಣ್ಣೆ ತಿಕ್ಕುವುದಕ್ಕೆ ನನ್ನ ತಕರಾರಿಲ್ಲ. ಹಗುರವಾಗಿ ಹಚ್ಚಿದರೆ ಹಿತ ಅನ್ನಿಸುತ್ತದೆ, ಮುಟ್ಟಿ ಮಾತಾಡಿಸಿದಂತೆಯೂ ಆಗುತ್ತದೆ. ಜೋರಾಗಿ ಕೀಲು ಎಳೆಯುವುದು, ನಟಿಕೆ ತೆಗೆಯುವುದು ಬೇಡ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ವಾಸಿ ಅಂತ ಈಗಲೂ ಹೇಳುವವರಿದ್ದಾರೆ. ಅದರಿಂದ ಮಿದುಳಿಗೆ ಏನೂ ಆಗುವುದಿಲ್ಲ, ಪಾರಿವಾಳ ಸಾಯುತ್ತದೆ ಅಷ್ಟೇ. ನಾಟಿ ಔಷಧಿ ಕೊಡುವವರ ಹತ್ತಿರ ಹೋಗುವುದು ನಿಮ್ಮ ಇಷ್ಟ, ಆದರೆ ಯಾರೇ ‘ಇಂಗ್ಲಿಷ್ ಮಾತ್ರೆ ನಿಲ್ಲಿಸಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆಯ ಮಾತ್ರೆ ನಿಲ್ಲಿಸಿದರೆ ಎರಡನೇ ಸಲ ಹೊಡೆಯುವ ಸಾಧ್ಯತೆ ಹೆಚ್ಚುತ್ತದೆ.

ಮಾತು ಬಿದ್ದುಹೋದರೆ, ಮನಸ್ಸು ಕುಗ್ಗಿದರೆ

ಬಲಭಾಗ ಸೋತವರಲ್ಲಿ ಮಾತು ಹೋಗುವುದು ಜಾಸ್ತಿ, ಏಕೆಂದರೆ ಹೆಚ್ಚಿನವರಿಗೆ ಭಾಷೆಯ ಜಾಗ ಎಡ ಮಿದುಳಿನಲ್ಲಿದೆ. ಬುದ್ಧಿ ಹೋಗಿರುವುದಿಲ್ಲ. ಹಾಗಾಗಿ ಜೋರಾಗಿ ಕೂಗಬೇಡಿ, ಮಗುವಿಗೆ ಮಾತಾಡಿಸುವಂತೆ ಮಾತಾಡಿಸಬೇಡಿ. ‘ಏನು ಬೇಕು?’ ಬದಲು ‘ಕಾಫಿ ಬೇಕಾ?’ ಅನ್ನಿ, ಹೌದು-ಇಲ್ಲ ಅಂತ ತಲೆಯಾಡಿಸಿದರೆ ಸಾಕಾಗುವಂತೆ. ಉತ್ತರಕ್ಕೆ ಕಾಯಿರಿ, ಅವರ ಪರವಾಗಿ ನೀವೇ ಹೇಳಿಬಿಡಬೇಡಿ. ನೀರು, ಪಾಯಖಾನೆ, ನೋವು, ಫ್ಯಾನು, ನಿದ್ದೆ ಇವುಗಳ ಚಿತ್ರ ಒಂದು ಹಾಳೆಯಲ್ಲಿ ಅಂಟಿಸಿಡಿ. ಒಂದು ಪದ ಆಡಲಾಗದವರು ದಾಸರ ಪದವನ್ನು ಸಾಲಿಗೆ ಸಾಲು ಹಾಡಿಬಿಡುವುದುಂಟು, ವಾರದ ಹೆಸರು, ಎಣಿಕೆ ಹೇಳುವುದುಂಟು. ‘ಹಾಡೋಕೆ ಬರುತ್ತೆ, ಮಾತಾಡೋಕೆ ಆಗಲ್ವಾ, ನಾಟಕ’ ಅನ್ನಬೇಡಿ. ಬಾಯಿಪಾಠ ಬಂದದ್ದು ಮಿದುಳಿನಲ್ಲಿ ಬೇರೆ ದಾರಿ ಹಿಡಿದು ಹೊರಡುತ್ತದೆ. ಥೆರಪಿಸ್ಟ್‌ಗಳು ಅದನ್ನೇ ಬಳಸಿಕೊಂಡು ಮಾತು ಕಲಿಸುವುದೂ ಇದೆ.

ಎಡಭಾಗ ಸೋತವರಲ್ಲಿ ಕೆಲವರಿಗೆ ಎಡಗಡೆಯ ಪ್ರಪಂಚವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲ ಅರ್ಧ ಮಾತ್ರ ಉಂಡು ‘ಪಲ್ಯ ಹಾಕಲೇ ಇಲ್ಲ’ ಅನ್ನುತ್ತಾರೆ. ಕಣ್ಣು ಸರಿಯಾಗಿಯೇ ಇರುತ್ತದೆ. ತಟ್ಟೆ ತಿರುಗಿಸಿ ಕೊಟ್ಟು ಸುಮ್ಮನಾಗಬಹುದು, ಅದಕ್ಕಿಂತ ‘ಎಡಕ್ಕೆ ನೋಡಿ’ ಅಂತ ನೆನಪಿಸುವುದು, ಎಡಗಡೆ ಕೂತು ಮಾತಾಡಿಸುವುದು ಒಳ್ಳೆಯದು. ಕರೆಗಂಟೆ, ಫೋನು, ನೀರು ಮಾತ್ರ ಬಲಗಡೆಗೇ ಇರಲಿ, ತುರ್ತಿಗೆ ಬೇಕಾಗುತ್ತದೆ.

ಕಾರಣ ಇಲ್ಲದೆ ಅಳು ಬರುವುದು, ಸಾವಿನ ಸುದ್ದಿ ಕೇಳಿ ನಗು ಬರುವುದು ಕೂಡ ಲಕ್ವದ ಭಾಗವೇ. ಆದರೆ ವಾರಗಟ್ಟಲೆ ಊಟ ಬೇಡ, ವ್ಯಾಯಾಮ ಬೇಡ, ‘ನಾನು ಇದ್ದೇನು ಪ್ರಯೋಜನ’ ಅನ್ನುತ್ತಿದ್ದರೆ ಅದು ಖಿನ್ನತೆ, ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ. ವಯಸ್ಸಾಯಿತಲ್ಲ ಅಂತ ಬಿಟ್ಟುಬಿಡುವ ವಿಷಯ ಅಲ್ಲ.

ಕಾಗದಪತ್ರ

ಇದು ತಲೆನೋವಿನ ಕೆಲಸ, ಆದರೆ ಮಾಡಿಸಿಟ್ಟರೆ ಉಪಯೋಗ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ. ಕೈಕಾಲು ಸ್ವಾಧೀನ ಇಲ್ಲದಿರುವುದು, ಮಾತು ಹೋಗಿರುವುದು ಎರಡೂ ಅದರಲ್ಲಿ ಬರುತ್ತವೆ. ವಯಸ್ಸಾದ ಮೇಲೆ ಬಂದದ್ದಕ್ಕೆ ಸರ್ಟಿಫಿಕೇಟ್ ಕೊಡುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ ಯುಡಿಐಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ಲಕ್ವದಂಥ ನರದ ತೊಂದರೆಗೆ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ಶೇಕಡಾವಾರು ನಿರ್ಧಾರ ಮಾಡುತ್ತಾರೆ. ಅದಕ್ಕೇ ಆ ತಾರೀಖು ಬೇಕು ಅಂದದ್ದು. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಇರಬೇಕು.

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರೂ ಹೆಚ್ಚಾಗಿ ಅಂಗವಿಕಲರೇ ಆಗಿರುವುದರಿಂದ ಯಾವ ಕಚೇರಿಯಲ್ಲಿ ಯಾವ ಮೇಜು ಅಂತ ಚೆನ್ನಾಗಿ ಗೊತ್ತಿರುತ್ತದೆ. ಮೊದಲು ಅವರನ್ನು ಹಿಡಿಯಿರಿ. ಪಿಂಚಣಿ ಅರ್ಜಿ ನಾಡಕಚೇರಿಯಲ್ಲಿ. 60 ದಾಟಿದ, ಬಿಪಿಎಲ್ ಅಥವಾ ತಿಂಗಳ ಆದಾಯ 15,000 ರೂಪಾಯಿ ಒಳಗಿರುವವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳಲ್ಲಿ ಊರುಗೋಲು, ವಾಕರ್, ವೀಲ್‌ಚೇರ್, ಶ್ರವಣಯಂತ್ರ ಉಚಿತವಾಗಿ ಸಿಗುತ್ತವೆ. 2017ರಲ್ಲಿ ಶುರುವಾದ ಯೋಜನೆ ಇದು. ಶಿಬಿರ ಯಾವಾಗ ಅನ್ನುವುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಬೇಕು. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಬಹುದು.

ಬ್ಯಾಂಕಿನದು ಬೇರೆಯೇ ಕಥೆ. ಬಲಗೈ ಹೋದರೆ ಸಹಿ ಹೋಯಿತು. ಎಡಗೈಯಲ್ಲಿ ಮಾಡಿದ ಸಹಿ ಹೊಂದುವುದಿಲ್ಲ ಅಂತ ಕೌಂಟರಿನಲ್ಲಿ ವಾಪಸ್ ಕಳಿಸುತ್ತಾರೆ. ರಿಸರ್ವ್ ಬ್ಯಾಂಕಿನ ಪ್ರಕಾರ ಕಾಯಿಲೆಯಿಂದ ಸಹಿ ಮಾಡಲಾಗದವರು ಇಬ್ಬರು ಸಾಕ್ಷಿಗಳೆದುರು ಹೆಬ್ಬೆಟ್ಟು ಒತ್ತಬಹುದು, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. 70 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಮನೆಬಾಗಿಲಿಗೆ ಬಂದು ಸೇವೆ ಕೊಡಬೇಕು ಅಂತ 2017ರಲ್ಲೇ ಸೂಚನೆ ಇದೆ. ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೇಳಿ, ಬಾಯಿಮಾತಿನಲ್ಲಿ ಅಲ್ಲ. ಪಿಂಚಣಿಯ ಜೀವಂತ ಪ್ರಮಾಣಪತ್ರವನ್ನು ಈಗ ಫೋನಿನಲ್ಲಿ ಮುಖ ತೋರಿಸಿಯೇ ಕೊಡಬಹುದು, ನವೆಂಬರಿನಲ್ಲಿ ಹೊತ್ತುಕೊಂಡು ಹೋಗಬೇಕಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ಮಕ್ಕಳು, ತಂದೆತಾಯಿ ತಮ್ಮ ಮೇಲೆ ಅವಲಂಬಿತರಾಗಿದ್ದರೆ, ಅವಲಂಬಿತ ಅಂಗವಿಕಲರಿಗಾಗಿ ಇರುವ ತೆರಿಗೆ ಕಡಿತ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ) 75,000, ತೊಂದರೆ ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಕೇಳಬಹುದು.

ನೋಡಿಕೊಳ್ಳುವವರನ್ನು ಯಾರು ನೋಡಿಕೊಳ್ಳುತ್ತಾರೆ?

ಹೆಚ್ಚಿನ ಮನೆಗಳಲ್ಲಿ ಇದು ಹೆಂಡತಿಯ, ಸೊಸೆಯ ಅಥವಾ ಮದುವೆಯಾಗದ ಮಗಳ ತಲೆಗೆ ಬರುತ್ತದೆ. ಉಳಿದವರು ಭಾನುವಾರ ಹಣ್ಣು ತಂದು, ಪಕ್ಕದಲ್ಲಿ ಕೂತು ‘ಯಾಕೆ ಇಷ್ಟು ಸೊರಗಿದ್ದಾರೆ’ ಅಂತ ಕೇಳಿ ಹೋಗುತ್ತಾರೆ. ಇದನ್ನು ಬದಲಿಸಬೇಕಾದರೆ ‘ಸ್ವಲ್ಪ ಸಹಾಯ ಮಾಡಿ’ ಅಂದರೆ ಆಗುವುದಿಲ್ಲ. ಹೆಸರು ಹಿಡಿದು, ದಿನ ಹಿಡಿದು, ಕೆಲಸ ಹಿಡಿದು ಹೇಳಬೇಕು: ಶನಿವಾರ ರಾತ್ರಿ ಮಗ್ಗುಲು ತಿರುಗಿಸುವುದು ನಿನ್ನ ಪಾಳಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗ ದಿನಾ ವಿಡಿಯೋ ಕಾಲ್ ಮಾಡಿ ಸಲಹೆ ಕೊಡುವ ಬದಲು ಯುಡಿಐಡಿ ಅರ್ಜಿ ತುಂಬಲಿ, ತಿಂಗಳ ಮಾತ್ರೆ, ಡೈಪರ್ ಆನ್‌ಲೈನ್‌ನಲ್ಲಿ ತರಿಸಲಿ, ಹೋಮ್ ನರ್ಸ್ ಸಂಬಳ ಕೊಡಲಿ, ವರ್ಷಕ್ಕೊಮ್ಮೆ ಬಂದಾಗ ನೆಂಟರ ಮನೆ ಸುತ್ತುವುದು ಬಿಟ್ಟು ಎರಡು ವಾರ ಪೂರ್ತಿ ತಾನೇ ನೋಡಿಕೊಂಡು ಅಕ್ಕನನ್ನೋ ಅತ್ತಿಗೆಯನ್ನೋ ಎಲ್ಲಾದರೂ ಕಳಿಸಲಿ.

ಹೋಮ್ ನರ್ಸ್ ಇಡುವುದಾದರೆ, ಏಜೆನ್ಸಿಯವರು ಆ ಹೆಸರಲ್ಲಿ ಕಳಿಸುವವರೆಲ್ಲ ನರ್ಸಿಂಗ್ ಓದಿದವರಲ್ಲ. ಊಟಕ್ಕೆ ಮೂಗಿನ ನಳಿಗೆ, ಮೂತ್ರಕ್ಕೆ ಕ್ಯಾತಿಟರ್ ಇದ್ದರೆ ಓದಿದವರೇ ಬೇಕು. ಇಲ್ಲದಿದ್ದರೆ ಅನುಭವ ಇರುವ ಅಟೆಂಡರ್ ಸಾಕು. ಯಾವ ಕೆಲಸ ಅವರದು, ಯಾವುದು ಅಲ್ಲ ಅಂತ ಮೊದಲ ದಿನವೇ ಬರೆದಿಡಿ. ಮನೆಯವರೆಲ್ಲರ ಪಾತ್ರೆ ಅವರ ಕೈಗೆ ಬರಬಾರದು. 24 ಗಂಟೆಯ ಡ್ಯೂಟಿ ಅಂದರೂ ಅವರಿಗೂ ಆರೇಳು ಗಂಟೆ ನಿದ್ದೆ, ತಿಂಗಳಲ್ಲಿ ರಜೆ ಬೇಕು. ಅವರು ನಿದ್ದೆಗೆಟ್ಟರೆ ಮರುದಿನ ನಿಮ್ಮ ಅಮ್ಮನನ್ನು ಬೀಳಿಸುತ್ತಾರೆ.

ನಿಮ್ಮ ಬಿಪಿ, ಸಕ್ಕರೆ ಕೊನೆಯ ಸಲ ನೋಡಿಸಿದ್ದು ಯಾವಾಗ? ಸೊಂಟ ನೋವಿಗೆ ಅವರ ಫಿಸಿಯೋ ಹತ್ತಿರವೇ ಐದು ನಿಮಿಷ ಕೇಳಬಹುದು, ಎಷ್ಟೋ ಜನ ಕೇಳುವುದೇ ಇಲ್ಲ. ಸಿಟ್ಟು ಬಂದು ಗದರಿಬಿಟ್ಟೆ, ‘ಇವರು ಹೋಗಿಬಿಟ್ಟರೆ ಸಾಕು’ ಅಂತ ಒಂದು ಕ್ಷಣ ಅನ್ನಿಸಿತು, ಅಂಥದ್ದೆಲ್ಲ ಈ ಕೆಲಸ ಮಾಡುವ ಬಹುತೇಕ ಜನರ ಮನಸ್ಸಿಗೆ ಬಂದು ಹೋಗುತ್ತದೆ. ಕೈ ಎತ್ತುವ ಮಟ್ಟಕ್ಕೆ ಹೋದರೆ, ನಿದ್ದೆ ಪೂರ್ತಿ ಕೆಟ್ಟರೆ, ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮತ್ತೆ ಹೊಡೆದರೆ

ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಸರಿಯಿದ್ದ ಕೈಯೂ ಜೋತುಬೀಳುವುದು, ಮಾತು ಇದ್ದಕ್ಕಿದ್ದಂತೆ ತೊದಲುವುದು, ಕಣ್ಣು ಮಂಜಾಗುವುದು, ತೋಲ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ತಾನಾಗಿ ಸರಿಹೋದರೂ ಹೋಗಲೇಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಸಮಯ, ಅದೂ ಸ್ಕ್ಯಾನ್ ಆದ ಮೇಲೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಇದೆ ಅಂತ ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ. ಬಾಯಿಗೆ ನೀರು, ಮಾತ್ರೆ, ಏನೂ ಹಾಕಬೇಡಿ. ಮಾತ್ರೆ ಚೀಟಿ ಜೊತೆಗೆ ತಗೊಂಡು ಹೋಗಿ, ಅವರು ಚೆನ್ನಾಗಿದ್ದದ್ದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.